ಸತ್ಯಾಂಶ: ಆಸ್ಟ್ರೇಲಿಯಾದಲ್ಲಿ ‘ಸಸ್ಯ-ಪ್ರಾಣಿ ಕಾಯ್ದೆ’ ಇತ್ತೇ?

ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನು 1967ರವರೆಗೆ ಮನುಷ್ಯರೆಂದು ಎಣಿಸದೆ, ಗಿಡ-ಪ್ರಾಣಿಗಳ ಸಾಲಿಗೆ ಸೇರಿಸುವ ‘ಸಸ್ಯ-ಪ್ರಾಣಿ ಕಾಯ್ದೆ’ಯಡಿ ಇಟ್ಟಿದ್ದರು, ಆ ವರ್ಷದ ಜನಮತಸಂಗ್ರಹದಿಂದಲೇ ಅವರಿಗೆ ಮತದಾನದ ಹಕ್ಕು ಬಂತು ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ನಿಜವಲ್ಲ. ಅಂಥ ಕಾಯ್ದೆ ಎಂದೂ ಇರಲಿಲ್ಲ. ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಅವರೆಲ್ಲರಿಗೂ 1962ರಲ್ಲೇ ಸಿಕ್ಕಿತ್ತು. 1967ರಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಒಪ್ಪಿದ್ದು ಬೇರೆಯದನ್ನು: ಜನಸಂಖ್ಯೆಯ ಲೆಕ್ಕದಿಂದ ಮೂಲನಿವಾಸಿಗಳನ್ನು ಹೊರಗಿಟ್ಟಿದ್ದ ಸಂವಿಧಾನದ 127ನೇ ವಿಧಿ ರದ್ದಾಯಿತು, ಅವರಿಗಾಗಿ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕೂ ಬಂತು.

ಹಾಗೆಂದು ಅನ್ಯಾಯವೇ ಕಟ್ಟುಕಥೆ ಎಂದುಕೊಳ್ಳಬೇಡಿ. ನಿಜವಾಗಿ ಇದ್ದ ಕಾಯ್ದೆಗಳೇ ಕರುಳು ಹಿಂಡುವಂಥವು. ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾಯ್ದೆಯು 16 ವರ್ಷದವರೆಗೆ ಪ್ರತಿ ಮೂಲನಿವಾಸಿ ಮಗುವಿಗೂ ಸರ್ಕಾರಿ ಅಧಿಕಾರಿಯೊಬ್ಬನನ್ನೇ ಕಾನೂನುಬದ್ಧ ಪೋಷಕನನ್ನಾಗಿಸಿತ್ತು. ದೇಶದ ಉದ್ದಗಲಕ್ಕೂ ತಾಯಂದಿರಿಂದ ಕಿತ್ತುಕೊಂಡ ಮಕ್ಕಳ ಕ್ಷಮೆಯನ್ನು ಸಂಸತ್ತು ಕೇಳಿದ್ದು 2008ರ ಫೆಬ್ರುವರಿ 13ರಂದು.