ಸೋತವರೇ ಮೊದಲು ಎಲೆ ಆರಿಸಲಿ

ಇಸ್ಪೀಟ್ ಆಡಿ ಸೋತವರೆಲ್ಲ ಹೇಳುವ ಮಾತು ಒಂದೇ. "ನನಗೆ ಎಲೆಯೇ ಸರಿ ಬರಲಿಲ್ಲ." ಬಹಳ ಸಲ ಅದು ನೆಪ. ಆದರೆ ಪೂರ್ತಿ ಸುಳ್ಳೂ ಅಲ್ಲ. 52 ಎಲೆ, ನಾಲ್ಕು ಜನ, ತಲಾ 13. ಒಬ್ಬರಿಗೆ ಮೂರು ಎಕ್ಕ ಬಂದು ಇನ್ನೊಬ್ಬರಿಗೆ ಬರೀ ಎರಡು, ಮೂರು, ಐದುಗಳೇ ಬಂದರೆ ಎಂಥ ಜಾಣನಾದರೂ ಏನು ಮಾಡಿಯಾನು? ದೊಡ್ಡವರು ಗೊಣಗಿಕೊಂಡು ಆಡುತ್ತಾರೆ. ಮಕ್ಕಳು ಎಲೆ ಎಸೆದು ಎದ್ದು ಹೋಗುತ್ತಾರೆ. ನನ್ನ ಪ್ರಕಾರ ಮಕ್ಕಳದ್ದೇ ಸರಿ.

ಅದಕ್ಕೇ ನನಗೆ ಎರಡು ಬಗೆಯ ಆಟ ಬೆರೆಸಿದ ಸಣ್ಣ ಕಾರ್ಡ್ ಗೇಮ್‌ಗಳೆಂದರೆ ಇಷ್ಟ. ಮೊದಲನೆಯ ಬಗೆ ಎಲ್ಲರಿಗೂ ಗೊತ್ತು. ಒಬ್ಬರು ಒಂದು ಎಲೆ ಇಳಿಸುತ್ತಾರೆ, ಉಳಿದವರು ಅದೇ ಬಣ್ಣದ್ದು ಇಳಿಸಬೇಕು, ಆ ಬಣ್ಣ ಕೈಯಲ್ಲಿ ಇಲ್ಲದಿದ್ದರೆ ತುರುಪು, ಅಂದರೆ ಉಳಿದೆಲ್ಲ ಬಣ್ಣಗಳನ್ನು ಸೋಲಿಸುವ ಎಲೆ, ಹೊಡೆಯಬಹುದು. ದೊಡ್ಡ ಎಲೆಯವರಿಗೆ ಆ ಸುತ್ತು. (ಈಗ ಭವಿಷ್ಯ ಹೇಳೋಕೆ ಬಳಸುವ ಟ್ಯಾರೋ ಎಲೆಗಳು 15ನೇ ಶತಮಾನದ ಇಟಲಿಯಲ್ಲಿ ಹುಟ್ಟಿದ್ದೇ ಇಂಥ ಆಟಕ್ಕೆ. ಆ ಚಿತ್ರದ ಎಲೆಗಳೇ ತುರುಪು!)

ಇನ್ನೊಂದು ಬಗೆ ತೀರಾ ಈಚಿನದು. 2008ರಲ್ಲಿ ಡೊನಾಲ್ಡ್ ಎಕ್ಸ್. ವಕ್ಕಾರಿನೊ ರೂಪಿಸಿದ 'ಡೊಮಿನಿಯನ್' ಅನ್ನುವ ಕಾರ್ಡ್ ಗೇಮ್ ಬಂತು. ಮರುವರ್ಷವೇ ಜರ್ಮನಿಯ 'ಸ್ಪೀಲ್ ಡೆಸ್ ಯಾರೆಸ್' (ವರ್ಷದ ಆಟ) ಪ್ರಶಸ್ತಿ ಗೆದ್ದಿತು. ಅದರಲ್ಲಿ ಎಲ್ಲರೂ ಒಂದೇ ಥರದ 10 ಸಾದಾ ಎಲೆಗಳಿಂದ ಶುರು ಮಾಡುತ್ತಾರೆ. ಐದೈದು ಎತ್ತಿಕೊಂಡು ಆಡುತ್ತಾರೆ, ಆಡುತ್ತಾ ಒಳ್ಳೆಯ ಎಲೆ ಕೊಳ್ಳುತ್ತಾರೆ. ಕಟ್ಟು ಮುಗಿದಾಗ ಬಳಸಿದ್ದನ್ನೆಲ್ಲ ಕಲೆಸಿ ಮತ್ತೆ ಶುರು. ಕೊಂಡ ಎಲೆ ಆಮೇಲೆ ಕೈಗೆ ಬರುತ್ತದೆ. ಒಟ್ಟಿನಲ್ಲಿ ನಿಮ್ಮ ಕಟ್ಟನ್ನು ನೀವೇ ಕಟ್ಟಿಕೊಳ್ಳುವುದು.

ಎರಡನ್ನೂ ಸೇರಿಸಿದರೆ "ಎಲೆ ಬರಲಿಲ್ಲ" ಅನ್ನುವ ನೆಪ ಅರ್ಧ ಸತ್ತ ಹಾಗೆ. ಬಂದಿದ್ದು ನೀವೇ ಆರಿಸಿದ ಎಲೆ ತಾನೇ?

ಆದರೆ ಸುಮ್ನೆ ಬೆರೆಸಿದರೆ ಆಟ ಕೆಡುತ್ತದೆ. ಸುತ್ತು ಗೆದ್ದವರಿಗೇ ಒಳ್ಳೆಯ ಎಲೆ ಅಂತ ನಿಯಮ ಮಾಡಿದರೆ ಏನಾಗುತ್ತದೆ? ಮೊದಲೆರಡು ಸುತ್ತು ಗೆದ್ದವರ ಕಟ್ಟು ಬಲವಾಗುತ್ತದೆ, ಬಲವಾದ್ದರಿಂದ ಮತ್ತೆ ಅವರೇ ಗೆಲ್ಲುತ್ತಾರೆ. ಉಳಿದವರು ಆಟ ಮುಗಿಯುವವರೆಗೆ ಕೂತು ನೋಡಬೇಕು. ಇಸ್ಪೀಟ್‌ನಲ್ಲಿ ಕೆಟ್ಟ ಕೈ ಬಂದರೂ ಮುಂದಿನ ಹಂಚಿಕೆಗೆ ಎಲ್ಲ ಹೊಸದು. ಇಲ್ಲಿ ಹಾಗಲ್ಲ, ಹಿಂದೆ ಬಿದ್ದವರು ಬಿದ್ದೇ ಇರುತ್ತಾರೆ. ಮನೆಮಂದಿ ಆಡುವ ಆಟಕ್ಕೆ ಇದಕ್ಕಿಂತ ದೊಡ್ಡ ದೋಷ ಇಲ್ಲ.

ಇದಕ್ಕೆ ಮದ್ದು ಡೊಮಿನಿಯನ್‌ನಲ್ಲೇ ಇದೆ. ಅಲ್ಲಿ ಆಟ ಗೆಲ್ಲಿಸುವ ದೊಡ್ಡ ಎಲೆ 'ಪ್ರಾವಿನ್ಸ್'. ಆರು ಅಂಕ. ಆದರೆ ಕೈಗೆ ಬಂದಾಗ ಅದರಿಂದ ಏನೂ ಕೊಳ್ಳೋಕಾಗಲ್ಲ, ಸುಮ್ನೆ ಜಾಗ ತಿನ್ನುತ್ತದೆ. ಇದೇ ಉಪಾಯವನ್ನು ಸುತ್ತಿನ ಆಟಕ್ಕೆ ತನ್ನಿ. ಗೆದ್ದವರಿಗೆ ಅಂಕದ ಎಲೆ ಕೊಡಿ, ಆದರೆ ಆಡುವಾಗ ಅದು ಬರೀ ಒಂದು ಅಥವಾ ಎರಡರ ಲೆಕ್ಕ. ಗೆದ್ದಷ್ಟೂ ಕೈ ಮೊಂಡಾಗುತ್ತದೆ. ಹೊಸ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಸೋತವರು ಮೊದಲು ಆರಿಸಲಿ. ಆಗ ಬೇಕೆಂದೇ ಸೋಲುವುದೂ ಒಂದು ಲೆಕ್ಕಾಚಾರ. "ಈ ಸುತ್ತು ಅವಳೇ ಇಟ್ಟುಕೊಳ್ಳಲಿ, ನನಗೆ ಆ ಒಂಬತ್ತು ಬೇಕು" ಅಂತ ಮಗು ಯೋಚಿಸುತ್ತಾ ಕೂರುವುದನ್ನು ನೋಡೋದೇ ಚೆಂದ.

ಇನ್ನೊಂದು ಮಜಾ ಇದೆ. ಮಾಮೂಲಿ ಆಟದಲ್ಲಿ ಒಂದು ಬಣ್ಣ ಕೈಯಲ್ಲಿ ಇಲ್ಲದಿರುವುದು ಹೆಚ್ಚಾಗಿ ಅದೃಷ್ಟ. ಇಲ್ಲಿ ಎಲೆ ತೆಗೆದುಹಾಕಲು ಅವಕಾಶ ಇದ್ದರೆ, ಕೆಂಪನ್ನೆಲ್ಲ ಹೊರಗೆ ಹಾಕಿ, ಯಾರು ಕೆಂಪು ಇಳಿಸಿದರೂ ತುರುಪು ಹೊಡೆಯಬಹುದು. ಆದರೆ ನೀವು ಹೊರಗೆ ಹಾಕಿದ್ದನ್ನು ಎಲ್ಲರೂ ನೋಡಿರುತ್ತಾರೆ, ಅಲ್ವಾ? ನಿಮ್ಮ ತುರುಪು ಖಾಲಿಯಾಗುವ ತನಕ ಕಾದು, ಆಮೇಲೆ ಕೆಂಪಿನ ಮೇಲೆ ಕೆಂಪು ಇಳಿಸುತ್ತಾರೆ. ಆಗ ನಿಮ್ಮ ಹತ್ತಿರ ಉತ್ತರವೇ ಇರಲ್ಲ.

ಬ್ರಿಡ್ಜ್ ಆಡಿ ಪಳಗಿದವರಿಗೆ ಇದು ರುಚಿಸದಿರಬಹುದು. ಅವರ ಶಕ್ತಿಯೇ ಎಣಿಕೆ. ಹದಿಮೂರರಲ್ಲಿ ಎಷ್ಟು ಬಿದ್ದವು, ಯಾರ ಹತ್ತಿರ ಏನು ಉಳಿದಿದೆ ಅಂತ ಕರಾರುವಾಕ್ಕಾಗಿ ಹೇಳುತ್ತಾರೆ. ಇಲ್ಲಿ ಕಟ್ಟೇ ಬದಲಾಗುತ್ತಾ ಹೋಗುತ್ತದೆ. ಎಣಿಸೋದಕ್ಕಿಂತ, ಯಾರು ಏನು ಕೊಂಡರು ಅಂತ ಗಮನಿಸುವುದೇ ಜಾಸ್ತಿ ಕೆಲಸ. ನನಗೆ ಅದು ನಷ್ಟ ಅನ್ನಿಸಲ್ಲ. ಎಣಿಕೆಯಲ್ಲಿ ದೊಡ್ಡವರು ಯಾವಾಗಲೂ ಮುಂದೆ, ಗಮನಿಸುವುದರಲ್ಲಿ ಮಕ್ಕಳೇನೂ ಕಡಿಮೆ ಇಲ್ಲ.

ಒಂದು ತಕರಾರು ಮಾತ್ರ ಇದೆ. ಕೆಲವು ಆಟಗಳಲ್ಲಿ ಪ್ರತಿ ಎಲೆಯ ಮೇಲೂ ನಾಲ್ಕು ಸಾಲು ಸಣ್ಣ ಅಕ್ಷರದ ನಿಯಮ. ಓದೋಕೆ ಕನ್ನಡಕ ಹುಡುಕಬೇಕು, ಓದಿದ ಮೇಲೆ ಜಗಳ ಆಡಬೇಕು. ಬಣ್ಣ, ಸಂಖ್ಯೆ, ಅಪರೂಪಕ್ಕೆ ಒಂದು ಗುರುತು, ಇಷ್ಟು ಸಾಕು. ಕಟ್ಟೂ ಚಿಕ್ಕದಿರಲಿ, ಮಕ್ಕಳ ಕೈಯಲ್ಲಿ ಕಲೆಸೋಕೆ ಆಗುವಷ್ಟು. ಅರ್ಧ ಗಂಟೆಯಲ್ಲಿ ಮುಗಿಯಲಿ. ಸೋತವರೇ "ಇನ್ನೊಂದು ಆಟ" ಅಂದರೆ ನಾನಂತೂ ಆಡೋಕೆ ರೆಡಿ.