ಮೊದಲು ವೋಟು ಹಾಕುವವರು ಯಾವಾಗಲೂ ಅವರೇ ಯಾಕೆ?

ಅಮೆರಿಕದ ಚುನಾವಣೆ ಅಂದರೆ ಊರಿನವರು ನನ್ನನ್ನು ಕೇಳುವುದೆಲ್ಲ ನವೆಂಬರ್‌ನ ಅಂತಿಮ ಮತದಾನದ ಬಗ್ಗೆ. ಎಲೆಕ್ಟೋರಲ್ ಕಾಲೇಜ್ (ರಾಜ್ಯಕ್ಕೆ ಇಷ್ಟು ವೋಟು ಅಂತ ಲೆಕ್ಕ ಹಾಕಿ ಅಧ್ಯಕ್ಷರನ್ನು ಆರಿಸುವ ಪದ್ಧತಿ) ಸರಿಯಾ ತಪ್ಪಾ ಅಂತ ಗಂಟೆಗಟ್ಟಲೆ ವಾದ. ನನ್ನ ತಕರಾರು ಜಾಸ್ತಿ ಇರುವುದು ಅದಕ್ಕೂ ಮುಂಚಿನ ಪ್ರೈಮರಿಗಳ ಮೇಲೆ. ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನ ಆಗುವುದು ಅಲ್ಲಿ.

2020ರಲ್ಲಿ ಡೆಮಾಕ್ರಟಿಕ್ ಪಕ್ಷ ನಮ್ಮ ಕ್ಯಾಲಿಫೋರ್ನಿಯಾಗೆ ಕೊಟ್ಟಿದ್ದು 415 ಪ್ರತಿನಿಧಿಗಳನ್ನು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವವರನ್ನು. ಅಯೋವಾಗೆ 41. ನಮ್ಮದು ಹೆಚ್ಚುಕಡಿಮೆ 4 ಕೋಟಿ ಜನ, ಅವರದು 32 ಲಕ್ಷ. ಹಾಗಾಗಿ ಸಂಖ್ಯೆಯಲ್ಲಿ ನಮಗೆ ದೊಡ್ಡ ಮೋಸವೇನೂ ಇಲ್ಲ. ಮೋಸ ಇರುವುದು ತಾರೀಖಿನಲ್ಲಿ.

1972ರಿಂದ ಹೆಚ್ಚುಕಡಿಮೆ ಐವತ್ತು ವರ್ಷ ಅಯೋವಾ ಮೊದಲು, ನ್ಯೂ ಹ್ಯಾಂಪ್‌ಶೈರ್ ಎರಡನೆಯದು. ಎರಡೂ ಚಿಕ್ಕವು, ಎರಡರಲ್ಲೂ ಬಿಳಿಯರೇ ಬಹುಪಾಲು. ಅಲ್ಲಿ ಹಿಂದೆ ಬಿದ್ದವರಿಗೆ ದೇಣಿಗೆ ನಿಲ್ಲುತ್ತದೆ, ಟೀವಿಯವರು ತಿರುಗಿ ನೋಡುವುದಿಲ್ಲ, ಒಬ್ಬೊಬ್ಬರೇ ಕಣದಿಂದ ಹೊರಗೆ. ಕೊನೇ ಪಂಕ್ತಿಗೆ ಕೂತವರಿಗೆ ಹೋಳಿಗೆ ಮುಗಿದಿರುತ್ತದಲ್ಲ, ಹಾಗೆ. 2016ರಲ್ಲಿ ಕ್ಯಾಲಿಫೋರ್ನಿಯಾ ಪ್ರೈಮರಿ ಇದ್ದಿದ್ದು ಜೂನ್ 7ಕ್ಕೆ. ಹಿಲರಿ ಕ್ಲಿಂಟನ್‌ಗೆ ಬೇಕಾದಷ್ಟು ಪ್ರತಿನಿಧಿಗಳು ಸಿಕ್ಕಾಯಿತು ಅಂತ ಎಪಿ ಸುದ್ದಿಸಂಸ್ಥೆ ಜೂನ್ 6ಕ್ಕೇ ಹೇಳಿಬಿಟ್ಟಿತು. ಇನ್ನು ನಾವು ಹೋಗಿ ಮಾಡುವುದೇನು?

ಆಮೇಲೆ ನಮ್ಮವರು ತಾರೀಖನ್ನು ಮಾರ್ಚ್‌ಗೆ ತಂದರು. 2020ರಲ್ಲಿ ಮಾರ್ಚ್ 3. ಇಲ್ಲಿ ಮತಪತ್ರ ಅಂಚೆಯಲ್ಲಿ ಒಂದು ತಿಂಗಳು ಮೊದಲೇ ಮನೆಗೆ ಬರುತ್ತದೆ. ಸ್ಯಾನ್ ಹೊಸೆಯ ಕನ್ನಡದ ಗೆಳತಿಯೊಬ್ಬಳು ಡೆಮಾಕ್ರಟಿಕ್ ಸ್ಪರ್ಧಿ ಪೀಟ್ ಬುಟಿಜೆಜ್‌ಗೆ ಗುರುತು ಹಾಕಿ, ಲಕೋಟೆಗೆ ಸಹಿ ಮಾಡಿ, ಫೆಬ್ರವರಿಯಲ್ಲೇ ಡಬ್ಬಕ್ಕೆ ಹಾಕಿ ಬಂದಿದ್ದಳು. ಮಾರ್ಚ್ 1ಕ್ಕೆ ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ಮಾರನೆ ದಿನ ಏಮಿ ಕ್ಲೋಬುಚಾರ್ ಕೂಡ. ಕಳಿಸಿದ ವೋಟು ವಾಪಸ್ ತಗೊಳ್ಳುವ ಹಾಗಿಲ್ಲ. ಅವಳ ವೋಟಿನಂಥ ಎಷ್ಟೋ ವೋಟುಗಳು ಸುಮ್ನೆ ನೀರಿಗೆ ಹೋದವು.

ಚಿಕ್ಕ ರಾಜ್ಯ ಮೊದಲು ಇರುವುದರಲ್ಲಿ ಒಂದು ಒಳ್ಳೆಯದಿದೆ, ಅದನ್ನೂ ಹೇಳಬೇಕು. ದುಡ್ಡಿಲ್ಲದವನೂ ಅಲ್ಲಿ ಮನೆಮನೆ ತಿರುಗಿ ಹೆಸರು ಮಾಡಬಹುದು. 2008ರಲ್ಲಿ ಒಬಾಮಾ ಅಯೋವಾ ಗೆದ್ದ ಮೇಲೇ ಈ ಮನುಷ್ಯ ನಿಜಕ್ಕೂ ಗೆಲ್ಲಬಹುದು ಅಂತ ತುಂಬಾ ಜನ ನಂಬಿದ್ದು. ಇಡೀ ದೇಶ ಒಂದೇ ದಿನ ವೋಟು ಹಾಕಲಿ ಅನ್ನುವವರ ಮಾತು ನಾನು ಒಪ್ಪದಿರುವುದು ಇದಕ್ಕೇ. ಹಾಗೆ ಮಾಡಿದರೆ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯಬಲ್ಲವನಿಗೆ ಮಾತ್ರ ಅವಕಾಶ.

ಹಾಗಂತ ಐವತ್ತು ವರ್ಷ ಅದೇ ಚಿಕ್ಕ ರಾಜ್ಯವಾ? ಅದೂ ಎಂಥ ವ್ಯವಸ್ಥೆ! ಅಯೋವಾ ಡೆಮಾಕ್ರಟರ ಹಳೇ ಕಾಕಸ್‌ನಲ್ಲಿ (ಪ್ರೈಮರಿ ಬದಲು ನಡೆಯುತ್ತಿದ್ದ ಸಭೆ) ಚಳಿಗಾಲದ ಸಂಜೆ 7ಕ್ಕೆ ಶಾಲೆಯ ಜಿಮ್‌ನಂಥ ಕಡೆ ಸೇರಬೇಕು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ, ನಿಂತವರ ತಲೆ ಎಣಿಕೆ. ಸಾಮಾನ್ಯವಾಗಿ ಶೇ. 15ರಷ್ಟು ಜನ ಸೇರದ ಗುಂಪಿನವರು ಬೇರೆ ಮೂಲೆಗೆ ಹೋಗಬೇಕು. ರಾತ್ರಿ ಪಾಳಿಯ ನರ್ಸ್ ಏನು ಮಾಡಬೇಕು? 2020ರಲ್ಲಂತೂ ಎಣಿಕೆ ಕಳಿಸುವ ಆ್ಯಪ್ ಕೈಕೊಟ್ಟು ಆ ರಾತ್ರಿ ಫಲಿತಾಂಶವೇ ಬರಲಿಲ್ಲ.

ಅದೇ ವರ್ಷ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಕಪ್ಪು ಮತದಾರರು ಜಾಸ್ತಿ ಇರುವ ದಕ್ಷಿಣ ಕೆರೊಲಿನಾ ಅವರನ್ನು ಮೇಲೆತ್ತಿತು. ಅಧ್ಯಕ್ಷರಾದ ಮೇಲೆ ಅವರ ಪಕ್ಷ 2024ಕ್ಕೆ ಅದನ್ನೇ ಮೊದಲ ರಾಜ್ಯ ಮಾಡಿತು. ಕಪ್ಪು ಮತದಾರರ ದನಿ ಮೊದಲೇ ಕೇಳಬೇಕು ಅಂತ ಕೊಟ್ಟ ಕಾರಣ ಒಳ್ಳೆಯದೇ. ಆದರೂ ಗೆದ್ದವರು ತಮಗೆ ಒಲಿದ ರಾಜ್ಯವನ್ನೇ ಮುಂದೆ ತಂದರೆ ಅದನ್ನು ನ್ಯಾಯ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ನಮ್ಮಲ್ಲೂ ಲೋಕಸಭೆಗೆ ಹಂತಹಂತವಾಗಿ ಮತದಾನ ನಡೆಯುತ್ತದೆ. 2024ರಲ್ಲಿ ಕರ್ನಾಟಕ ಏಪ್ರಿಲ್ 26 ಮತ್ತು ಮೇ 7ಕ್ಕೆ ವೋಟು ಹಾಕಿತು. ಎಣಿಕೆ ಮಾತ್ರ ಎಲ್ಲರದ್ದೂ ಒಟ್ಟಿಗೆ, ಜೂನ್ 4ಕ್ಕೆ. ಕೊನೆ ಹಂತ ಮುಗಿಯುವವರೆಗೆ ಎಕ್ಸಿಟ್ ಪೋಲ್ ಕೂಡ ಹೇಳುವಂತಿಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯವೂ ಅವತ್ತೇ ರಾತ್ರಿ ಎಣಿಸಲು ಶುರುಮಾಡುವುದರಿಂದ ಇದು ಆಗದ ಮಾತು. ಆಗಬಹುದಾದದ್ದು ಸರದಿ. ದೇಶವನ್ನು ನಾಲ್ಕು ಭಾಗ ಮಾಡಿ, ಒಂದೊಂದು ಚುನಾವಣೆಗೆ ಒಂದೊಂದು ಭಾಗ ಮೊದಲು ಅನ್ನುವ ಯೋಜನೆಯನ್ನು ರಾಜ್ಯಗಳ ಕಾರ್ಯದರ್ಶಿಗಳ (ಹೆಚ್ಚಿನ ರಾಜ್ಯಗಳಲ್ಲಿ ಚುನಾವಣೆ ನೋಡಿಕೊಳ್ಳುವವರು) ಸಂಘ 1999ರಲ್ಲೇ ಮುಂದಿಟ್ಟಿತ್ತು. ಅದರಲ್ಲೂ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ಗೆ ವಿನಾಯಿತಿ ಇತ್ತು, ನೋಡಿ! ಆ ವಿನಾಯಿತಿ ತೆಗೆದರೆ ನನ್ನ ಬೆಂಬಲ ಅದಕ್ಕೇ.

ಜಾರಿ ಮಾಡುವುದೇ ಕಷ್ಟ. ನಿಯಮ ಪಕ್ಷದ್ದು, ಪ್ರೈಮರಿ ನಡೆಸುವುದು ಹೆಚ್ಚಾಗಿ ರಾಜ್ಯ ಸರ್ಕಾರ. ತನ್ನಂಥ ಯಾವ ಚುನಾವಣೆಗಿಂತಲೂ ಕನಿಷ್ಠ 7 ದಿನ ಮುಂಚೆ ತನ್ನದು ನಡೆಯಬೇಕು ಅಂತ ನ್ಯೂ ಹ್ಯಾಂಪ್‌ಶೈರ್ ಕಾನೂನನ್ನೇ ಮಾಡಿಕೊಂಡಿದೆ. 2008ರಲ್ಲಿ ಮಿಷಿಗನ್, ಫ್ಲೋರಿಡಾ ಸಾಲು ಮುರಿದು ಮುಂದೆ ಬಂದವು. ಡೆಮಾಕ್ರಟರು ಮೊದಲು ಅವರ ಪ್ರತಿನಿಧಿಗಳನ್ನೆಲ್ಲ ಕಿತ್ತರು, ಆಮೇಲೆ ಅರ್ಧ ಮತ ಕೊಟ್ಟರು, ಸಮಾವೇಶದ ಹೊತ್ತಿಗೆ ಪೂರ್ತಿ ಕೊಟ್ಟರು. 2024ರಲ್ಲಿ ನ್ಯೂ ಹ್ಯಾಂಪ್‌ಶೈರ್ ಪಕ್ಷದ ಮಾತು ಮೀರಿ ಜನವರಿ 23ಕ್ಕೇ ವೋಟು ಮಾಡಿತು. ಬೈಡನ್ ಹೆಸರು ಮತಪತ್ರದಲ್ಲೇ ಇರಲಿಲ್ಲ, ಜನ ಕೈಯಲ್ಲಿ ಬರೆದು ಗೆಲ್ಲಿಸಿದರು. ಕೊನೆಗೆ ಅವರ ಪ್ರತಿನಿಧಿಗಳನ್ನೂ ಸಮಾವೇಶದಲ್ಲಿ ಕೂರಿಸಿದರು. ನವೆಂಬರ್‌ನಲ್ಲಿ ಆ ರಾಜ್ಯದ 4 ಎಲೆಕ್ಟೋರಲ್ ವೋಟು ಬೇಕಲ್ವಾ, ಅದನ್ನು ಎದುರು ಹಾಕಿಕೊಳ್ಳುವವರು ಯಾರು?