ಆ ಹುಡುಗಿ ಕಣ್ಣು ತೆರೆಯಲೇ ಇಲ್ಲ

ನಿನ್ನೆ ರಾತ್ರಿ ಹನ್ನೊಂದಕ್ಕೆ ಧಾರವಾಡಕ್ಕೆ ಬಂದು ಇಳಿದೆವು. ಮೈಕೈ ನೋವು ಇನ್ನೂ ಇದೆ. ಸಿಟ್ಟು ಅದಕ್ಕಿಂತ ಜಾಸ್ತಿ ಇದೆ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಬೇಲಂ ಗುಹೆಗೆ ಹೋಗಿದ್ದೆವು. ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿದೆ. ಬಳ್ಳಾರಿ, ಗುತ್ತಿ, ತಾಡಪತ್ರಿ ದಾಟಿ ಹೋಗಬೇಕು. ತಮ್ಮನ ಮನೆಯವರು, ನಾನು, ಓಣಿಯ ಇನ್ನೆರಡು ಮನೆಯವರು ಸೇರಿ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡಿದ್ದೆವು. ನಿಮಗೆಲ್ಲ ಗೊತ್ತು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು ನಾನು. ಸುಣ್ಣದ ಕಲ್ಲು ಕರಗಿ ಗುಹೆ ಆಗುವ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕಣ್ಣಾರೆ ನೋಡಿರಲಿಲ್ಲ. ತಮ್ಮನ ಮಗಳಿಗೆ ಈಗ ಎಂಟು ವರ್ಷ. ಅವಳ ಕೈ ಹಿಡಿದುಕೊಂಡೇ ಅದನ್ನು ಮೊದಲ ಸಲ ನೋಡಬೇಕು ಅಂತ ನನಗೆ ಬಹಳ ಆಸೆ ಇತ್ತು.

ಗದಗ ದಾಟುವುದರೊಳಗೆ ಗಾಡಿಯಲ್ಲಿ ದೆವ್ವದ ಮಾತು ಶುರುವಾಯಿತು. ಟೂರಿನವರು ನಮ್ಮ ಜೊತೆ ಕಳಿಸಿದ್ದ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೋ ಹಚ್ಚಿದ. ಕತ್ತಲು, ಗೆಜ್ಜೆ ಸದ್ದು, ಹೆಂಗಸೊಬ್ಬಳು ಚೀರುವುದು. "ನಾವ್ ಹೊಂಟಿದ್ದು ಇದ ಗವಿಗ್ರಿ. ಒಳಗ ಹ್ವಾದವ್ರು ಕೆಲವ್ರು ತಿರುಗಿ ಬಂದಿಲ್ಲಂತ" ಎಂದ. ದೊಡ್ಡವರು ನಕ್ಕರು. ಮಕ್ಕಳು ನಗಲಿಲ್ಲ. ಆ ವಿಡಿಯೋದಲ್ಲಿದ್ದ ಗುಹೆಗೂ ನಾವು ನೋಡಿದ ಗುಹೆಗೂ ಯಾವ ಸಂಬಂಧವೂ ಇರಲಿಲ್ಲ.

ಬೇಲಂ ಬೆಟ್ಟದಲ್ಲಿಲ್ಲ. ಸಪಾಟು ಹೊಲದ ನಡುವೆ ನೆಲ ಬಾಯಿ ತೆರೆದಿದೆ, ಅಲ್ಲಿಂದ ಮೆಟ್ಟಿಲು ಇಳಿಯಬೇಕು. ಉದ್ದ 3,229 ಮೀಟರ್. ಅದರಲ್ಲಿ ನಾವು ಓಡಾಡಬಹುದಾದದ್ದು ಸುಮಾರು ಒಂದೂವರೆ ಕಿಲೋಮೀಟರ್. ಒಳಗೆ ಸೆಕೆ, ಐದು ನಿಮಿಷಕ್ಕೆ ಬೆನ್ನು ಒದ್ದೆಯಾಯಿತು. ಹುಡುಗಿ ಎರಡೂ ಕೈಯಲ್ಲಿ ನನ್ನ ಸೆರಗು ಹಿಡಿದು ಮುಖದ ಮೇಲೆ ಎಳೆದುಕೊಂಡಳು. ಮೇಲಿನಿಂದ ಒಂದು ಹನಿ ಅವಳ ಮೊಣಕೈ ಮೇಲೆ ಬಿತ್ತು. ಎಷ್ಟು ಜೋರಾಗಿ ಕಿರುಚಿದಳು ಅಂದರೆ ಮುಂದೆ ಹೋಗುತ್ತಿದ್ದವರೆಲ್ಲ ನಿಂತರು.

ಆ ಹನಿಯನ್ನು ತೋರಿಸಲೆಂದೇ ನಾನು ಅಷ್ಟು ದೂರ ಹೋಗಿದ್ದೆ. ಮಳೆ ನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹಿಡಿದುಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಿರುಕಿನಲ್ಲಿ ಇಳಿದು ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಲಕ್ಷಾಂತರ ವರ್ಷ ಹೀಗೆ ಕರಗಿ ಕರಗಿ, ಮನುಷ್ಯರು ನಿಂತು ನಡೆಯುವಷ್ಟು ಜಾಗವಾಗಿದೆ. ಕರಗಿದ ಸುಣ್ಣವೇ ಹನಿಯ ಜೊತೆ ಬಂದು ಚಾವಣಿಯಲ್ಲಿ ಗಟ್ಟಿಯಾಗಿ ಜೋತು ಬೀಳುತ್ತದೆ. ಕೋಟಿಲಿಂಗಾಲು ಎಂಬ ಕಡೆ ಲಿಂಗದಂಥ ಕಲ್ಲುಗಳು ಸಾಲುಸಾಲಾಗಿ ಇವೆ. ವೇಯಿ ಪಡಗಲು ಎಂಬ ಕಡೆ ಚಾವಣಿಯೆಲ್ಲ ಹಾವಿನ ಹೆಡೆ. ಪಾತಾಳಗಂಗೆಯಲ್ಲಿ, ಬಾಯಿಂದ 46 ಮೀಟರ್ ಕೆಳಗೆ, ನೀರು ಹರಿದು ಕತ್ತಲೊಳಗೆ ಹೋಗುತ್ತದೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವಳು ಕಣ್ಣು ತೆರೆಯಲಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಸಪ್ತಸ್ವರದ ಗುಹೆಯಲ್ಲಿ. ಅಲ್ಲಿ ತೂಗುವ ಕಲ್ಲನ್ನು ತಟ್ಟಿದರೆ ಲೋಹದಂತೆ ನಾದ ಬರುತ್ತದೆ. ಅಲ್ಲಿಯ ಗೈಡ್ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಎಂಥ ಸದ್ದು ಗೊತ್ತಾ! ಕಲ್ಲು ಹಾಡುವುದನ್ನು ನನ್ನ ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಕೇಳಿದೆ. ಅದೇ ಗಳಿಗೆಗೆ ನನ್ನ ಕೈಯಲ್ಲಿದ್ದ ಪುಟ್ಟ ಕೈ ತಣ್ಣಗಾಯಿತು. "ಅತ್ತಿ, ಗೆಜ್ಜಿ ಬಂತು" ಅಂದಳು. ಟೂರಿನ ಹುಡುಗ ಹಿಂದಿನಿಂದ "ಹೂಂ..." ಅಂತ ದನಿ ತೆಗೆದ. ನಾನು ಅವನಿಗೆ ಬೈದದ್ದು ಇಡೀ ಗುಹೆಗೆ ಕೇಳಿಸಿರಬೇಕು.

ಈ ಗುಹೆಯ ಬಗ್ಗೆ ಹೇಳಲು ಬೇರೆ ಏನೂ ಇರಲಿಲ್ಲವಾ? 1884ರಲ್ಲಿ ಇದನ್ನು ಗುರುತಿಸಿದವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಕಡೆಯ ಬಂಡೆಗಳನ್ನು ಊರೂರು ತಿರುಗಿ ನೋಡಿ ಅವಕ್ಕೆ ಧಾರವಾಡದ ಹೆಸರು ಕೊಟ್ಟವರೂ ಅವರೇ. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಇದನ್ನು ಹೇಳಿದ್ದರೆ ಎಷ್ಟು ಹೆಮ್ಮೆ ಪಡುತ್ತಿದ್ದರು! 1982-83ರಲ್ಲಿ ಜರ್ಮನಿಯ ಡೇನಿಯಲ್ ಗೆಬಾವರ್ ತಂಡದವರು ಒಳಗೆ ಹೊಕ್ಕು ಅಳತೆ ಮಾಡಿ ನಕ್ಷೆ ಬರೆದರು. ಹಿಂದೆ ಇಲ್ಲಿ ಬೌದ್ಧ, ಜೈನ ಸನ್ಯಾಸಿಗಳು ಇದ್ದರು. 1988ರವರೆಗೂ ಸುತ್ತಲಿನ ಊರುಗಳ ಕಸ ತಂದು ಸುರಿಯುತ್ತಿದ್ದರು. ಆ ಊರಿನವರೇ ಕೆಲವರು ಮನಸ್ಸು ಮಾಡಿ ಇದನ್ನು ಉಳಿಸಿಕೊಂಡರು. ಇಷ್ಟೆಲ್ಲ ಇರುವಾಗ ಮಕ್ಕಳ ಕಿವಿಗೆ ಹಾಕಿದ್ದು ಸುಳ್ಳು ಗೆಜ್ಜೆಯ ಸದ್ದು.

ವಾಪಸು ಬರುವಾಗ ಓಣಿಯ ಅಕ್ಕೋರೊಬ್ಬರು ಸಮಾಧಾನ ಮಾಡಿದರು. "ಹೋಗ್ಲಿ ಬಿಡ್ರಿ ಟೀಚರ್, ಅಂಜಿಕಿ ಇದ್ರ ಹುಡುಗ್ರು ಕೈ ಬಿಟ್ಟು ಓಡಂಗಿಲ್ಲ. ಛಲೋನ ಆತು." ಈ ಮಾತು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನನ್ನ ತವರು ರೋಣ ತಾಲ್ಲೂಕಿನ ಹಳ್ಳಿ. ಮನೆ ಮುಂದೆ ಹಗೇವು, ಅಂದರೆ ಕಾಳು ಇಡಲು ನೆಲದಲ್ಲಿ ತೋಡಿದ ಆಳದ ಗುಂಡಿ ಇತ್ತು, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. "ಹಗೇವಿನ್ಯಾಗ ದೆವ್ವ ಐತಿ, ಸಮೀಪ ಹೋಗಬ್ಯಾಡ್ರಿ" ಅನ್ನುತ್ತಿದ್ದಳು ಅಜ್ಜಿ. ನಾವು ಹೋಗುತ್ತಿರಲಿಲ್ಲ. ನನಗೆ ಹತ್ತು ವರ್ಷ ಇದ್ದಾಗ ಜೋಳ ತೆಗೆಯಲು ಬಾಯಿ ತೆಗೆದರು. ನಮ್ಮ ಮನೆಯಲ್ಲಿ ದುಡಿಯುತ್ತಿದ್ದ ಆಳು ತೋಳಿಗೆ ತಾಯಿತ ಕಟ್ಟಿಕೊಂಡು, ನಿಂಬೆಹಣ್ಣು ಇಳಿ ತೆಗೆಸಿಕೊಂಡು ಬಂದಿದ್ದ. ಇನ್ನು ದೆವ್ವ ಏನೂ ಮಾಡುವುದಿಲ್ಲ ಅಂತ ಕೂಡಲೇ ಇಳಿದ. ಸ್ವಲ್ಪ ಹೊತ್ತಿಗೆ ಅವನ ದನಿ ನಿಂತಿತು. ಸೊಂಟಕ್ಕೆ ಹಗ್ಗ ಕಟ್ಟಿತ್ತು, ಎಳೆದು ಹಾಕಿದರು. ತುಟಿ ನೀಲಿಯಾಗಿತ್ತು. ಬದುಕಿಕೊಂಡ. ದೆವ್ವ ಬಡಿದಿದೆ ಅಂದರು ಎಲ್ಲರೂ.

ಮುಚ್ಚಿದ ಕಾಳು ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ಭಾರವಾಗಿ ತಳದಲ್ಲಿ ಕೂರುತ್ತದೆ. ಬಾಯಿ ತೆಗೆದು ಗಾಳಿಯಾಡಲು ಬಿಡಬೇಕು, ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಬಲ್ಲ ರೈತರು ಮಾಡುವುದು ಹೀಗೆಯೇ. ದೆವ್ವದ ಕಥೆ ಅವನಿಗೆ ಕಂದೀಲಿನ ಮಾತು ಹೇಳಲಿಲ್ಲ, ತಾಯಿತ ಕಟ್ಟಿಸಿತು ಅಷ್ಟೇ. ನನಗೂ ಹೇಳಲಿಲ್ಲ. ಕಾಲೇಜಿಗೆ ಹೋಗುವವರೆಗೂ ನಾನು ಕತ್ತಲಲ್ಲಿ ಹಿತ್ತಲಿಗೆ ಒಬ್ಬಳೇ ಹೋದವಳಲ್ಲ. ಆ ನೀಲಿ ತುಟಿ ಕಣ್ಣ ಮುಂದೆ ಬರುತ್ತಿತ್ತು.

ಇಷ್ಟು ಗೊತ್ತಿದ್ದೂ, ಗದಗಿನ ಹತ್ತಿರ ಆ ವಿಡಿಯೋ ಹಚ್ಚಿದಾಗ ನಾನು ಸುಮ್ನೆ ಕೂತಿದ್ದೆ. ಟೂರಿನ ಮೊದಲ ದಿನವೇ ಯಾಕೆ ಜಗಳ ಅಂತ. ಬೈಯಬೇಕಾದ ಹೊತ್ತು ಅದಾಗಿತ್ತು. ಗುಹೆಯೊಳಗೆ ಬೈದರೆ ಏನು ಬಂತು?

ಇವತ್ತು ಬೆಳಿಗ್ಗೆ ಅವಳನ್ನು ಮನೆಗೆ ಕರೆದೆ. ಹಿತ್ತಲಲ್ಲಿ ಒಂದು ತುಂಡು ಕಡಪಾ ಕಲ್ಲು ಉಳಿದಿತ್ತು, ಅದೂ ಆ ಕಡೆಯ ಸುಣ್ಣದ ಕಲ್ಲೇ. ಅದರ ಮೇಲೆ ನಿಂಬೆರಸ ಹಿಂಡಿ ಇಟ್ಟೆವು. ಒಂದು ತಾಸಿನ ಮೇಲೆ ಒರೆಸಿದರೆ ಹೊಳಪು ಹೋಗಿ ಬಿಳಿಚಿದ ಕಲೆ ಉಳಿದಿತ್ತು. ಅವಳು ಅದರ ಮೇಲೆ ಬೆರಳು ಆಡಿಸಿದಳು, ಮತ್ತೆ ಆಡಿಸಿದಳು. "ಅತ್ತಿ, ಅಷ್ಟ್ ದೊಡ್ಡ ಗವಿಗೆ ಎಷ್ಟ್ ನಿಂಬಿಹಣ್ಣು ಬೇಕಾಗಿದ್ವು?" ಅಂತ ಕೇಳಿದಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು, ಮುಗಿಯಲಿಲ್ಲ.

ಈಗ ತಮ್ಮ ಫೋನ್ ಮಾಡಿದ್ದ. ಮಲಗುವ ಕೋಣೆಯ ಲೈಟ್ ಆರಿಸಲು ಬಿಡುತ್ತಿಲ್ಲವಂತೆ.